ಜಕ್ಕವ್ವ ಕೊಟ್ಟ ಜಿಡ್ಡು

ಸೂರ್ಯನಿಗೆ ತನ್ನ ದಾರಿ ಇನ್ನೂ ಸರಿಯಾಗಿ ರೂಢಿಯಾಗಿರದ ಕಾಲ. ನದಿಗಳು ಯಾವ ಕಡೆ ಹರಿಯಲಿ ಎಂದು ಗುಡ್ಡಗಳನ್ನು ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ, ಹುಲ್ಲು, ಹುಳ ಹುಪ್ಪಟೆ ಎಲ್ಲಕ್ಕೂ ಮಾತು ಬರುತ್ತಿತ್ತು. ಮನುಷ್ಯರು ಅದನ್ನು ಕೇಳಿಸಿಕೊಳ್ಳುತ್ತಲೂ ಇದ್ದರು.

ಆಗಲೂ ಉಣುಗು ಇತ್ತು. ಕುರಿಯ ಮೈಗೆ ಕಚ್ಚಿಕೊಂಡು ನೆತ್ತರು ಹೀರುವ ಅದೇ ಉಣುಗು. ಆದರೆ ಅದಕ್ಕೆ ಚರ್ಮ ಇದ್ದದ್ದು ಹೆಸರಿಗೆ ಮಾತ್ರ. ಕುರಿಯ ಮೈಮೇಲಿದ್ದರೆ ಬದುಕು, ನೆಲಕ್ಕೆ ಬಿದ್ದರೆ ಸಾವು. ಬೆಳಗ್ಗೆ ಬಿದ್ದದ್ದು ಮಧ್ಯಾಹ್ನಕ್ಕೆ ಒಣಗಿ ಹೊಟ್ಟಾಗುತ್ತಿತ್ತು.

ಒಂದು ಹುಲ್ಲುಬಯಲಿನಲ್ಲಿ ಜಕ್ಕವ್ವ ಎಂಬ ಕುರಿಗಾಹಿ ಹೆಂಗಸು ಗಂಡ ರೇವಪ್ಪನೊಡನೆ ಮುಳ್ಳುಬೇಲಿಯ ದೊಡ್ಡಿ ಹಾಕಿದ್ದಳು. ಅವರ ಮಂದೆಯಲ್ಲಿ ಕೆಂಚಿ ಎಂಬ ಮರಿಯಿತ್ತು. ಹುಟ್ಟಿದ ದಿನವೇ ತಾಯಿ ಸತ್ತ ಮರಿ ಅದು. ಬಟ್ಟೆಯ ಬತ್ತಿಯನ್ನು ಹಾಲಿಗೆ ಅದ್ದಿ ಅದರ ಬಾಯಿಗಿಟ್ಟು ಜಕ್ಕವ್ವ ಸಾಕಿದ್ದಳು. ಅವಳಿಗೆ ಬೇರೆ ಮಕ್ಕಳಿರಲಿಲ್ಲ.

ಆ ಕೆಂಚಿಗೆ ಈಗ ಮೈತುಂಬ ಉಣುಗು. ಒಸಡು ಬಿಳಿಚಿಕೊಂಡಿತ್ತು, ಎದ್ದು ನಿಂತರೆ ಕಾಲು ನಡುಗುತ್ತಿತ್ತು. ಇನ್ನೆರಡು ದಿನ ಹೀಗೇ ಬಿಟ್ಟರೆ ಮರಿ ಕೈಬಿಟ್ಟು ಹೋಗುತ್ತದೆ ಎಂದು ಜಕ್ಕವ್ವನಿಗೆ ಗೊತ್ತಿತ್ತು.

ಅಂದು ಕುರಿಗಳ ತುಪ್ಪಟ ಕತ್ತರಿಸುವ ದಿನ. ಆ ದಿನಕ್ಕೆ ಅವರಲ್ಲಿ ಎರಡು ಕಟ್ಟಳೆಗಳಿದ್ದವು. ದೊಡ್ಡಿಯೊಳಗೆ ಒಂದು ಹನಿ ನೆತ್ತರೂ ಬೀಳಬಾರದು. ದೊಡ್ಡಿಯ ಬಾಗಿಲಿಗೆ ಬಂದು ಕೇಳಿದವರನ್ನು ಬರಿಗೈಯಲ್ಲಿ ಕಳಿಸಬಾರದು.

ಬೇರೆ ದಿನವಾಗಿದ್ದರೆ ಜಕ್ಕವ್ವ ಉಣುಗನ್ನು ಕಿತ್ತು ಕಲ್ಲಿನ ಮೇಲಿಟ್ಟು ಹೊಸಕಿಬಿಡುತ್ತಿದ್ದಳು. ಅಂದು ಹಾಗೆ ಮಾಡುವಂತಿರಲಿಲ್ಲ. ಹೊಸಕಿದರೆ ನೆತ್ತರು, ಅದೂ ಕೆಂಚಿಯ ನೆತ್ತರು. ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದನ್ನೇ ಕಿತ್ತು ಬಾಗಿಲಿನಾಚೆ ಎಸೆದಳು. ಉಳಿದ ಕೆಲಸ ಬಿಸಿಲು ಮಾಡುತ್ತದೆ ಎಂದುಕೊಂಡಳು.

ಕೊನೆಯದಾಗಿ ಎಸೆದದ್ದು ಒಂದು ಬಸುರಿ ಉಣುಗು. ಅದು ಬಾಗಿಲ ಕಲ್ಲಿನ ಹತ್ತಿರ ಬಿದ್ದು ಹೊರಳಿ ಎದ್ದಿತು.

“ಯವ್ವಾ, ಈಗ ನಾ ನಿನ್ನ ಬಾಗಲಾಗ ನಿಂತೇನಿ,” ಎಂದಿತು. “ಬರಿಗೈಲೆ ಕಳಸ್ತಿಯೇನು?”

ಜಕ್ಕವ್ವ ಬೆಚ್ಚಿದಳು. ಹೊರಗೆ ಹಾಕಿದವಳು ತಾನೇ, ಬಾಗಿಲಿಗೆ ತಂದು ನಿಲ್ಲಿಸಿದವಳೂ ತಾನೇ. ಕೆಂಚಿಯನ್ನು ಎದೆಗೆ ಒತ್ತಿಕೊಂಡು, ನೆತ್ತರನ್ನು ಮಾತ್ರ ಕೇಳಬೇಡ ಎಂದಳು.

“ನೆತ್ತರ ಬ್ಯಾಡವ್ವ. ನಾ ಹೆಂಗೂ ಸಾಯಾಕಿ. ಹೊಟ್ಟ್ಯಾಗಿನವು ಬಿಸಲು ತಡಕೊಳ್ಳೂದಕ್ಕ ಏನರ ಕೊಡು.”

ಮರಿಯ ನೆತ್ತರನ್ನು ಕೇಳಲಿಲ್ಲವಲ್ಲ ಎಂದು ಜಕ್ಕವ್ವನಿಗೆ ಹೋದ ಜೀವ ಬಂದಂತಾಯಿತು. ಹೆದರಿದವರು ಸಮಾಧಾನವಾದಾಗ ಹಿಂದುಮುಂದು ನೋಡದೆ ಕೊಟ್ಟುಬಿಡುತ್ತಾರೆ. ಬೆಳಗಿನಿಂದ ತುಪ್ಪಟ ಹಿಡಿದು ಅವಳ ಅಂಗೈಗೆ ಕುರಿಯ ಜಿಡ್ಡು ಮೆತ್ತಿಕೊಂಡಿತ್ತು. ಮಳೆಯಾಗಲಿ ಚಳಿಯಾಗಲಿ ಕುರಿಯ ಮೈಗೆ ಇಳಿಯದಂತೆ ಕಾಯುವ ಜಿಡ್ಡು. ಅದನ್ನು ಬೆರಳಿನಿಂದ ಕೆರೆದು ಬಾಗಿಲ ಕಲ್ಲಿಗೆ ಸವರಿದಳು.

ಮರುದಿನ ಅವರು ಮಂದೆ ಹೊಡೆದುಕೊಂಡು ಹೊರಟುಹೋದರು. ಕೆಂಚಿ ತಾನಾಗಿಯೇ ನಡೆಯುತ್ತಿತ್ತು.

ಉಣುಗು ಕಲ್ಲಿನ ಬುಡದ ನೆರಳಿಗೆ ಸರಿದು ಸಾವಿರಾರು ಮೊಟ್ಟೆ ಇಟ್ಟಿತು. ಒಂದೊಂದಕ್ಕೂ ಜಿಡ್ಡು ಸವರಿತು. ಎಲ್ಲಕ್ಕೂ ಸವರಿ ಮುಗಿಯುವಷ್ಟರಲ್ಲಿ ಜಿಡ್ಡೂ ಮುಗಿಯಿತು. ತನಗೆಂದು ಏನೂ ಉಳಿಸಿಕೊಳ್ಳದೆ ಅದು ಅಲ್ಲೇ ಒಣಗಿತು.

ಬಿಸಿಲು ಬಂದು ಮೊಟ್ಟೆಗಳನ್ನು ಸುಟ್ಟುಬಿಡುತ್ತೇನೆ ಎಂದಿತು. ಜಿಡ್ಡು ಬಿಡಲಿಲ್ಲ. ಮಳೆ ಬಂದು ಕೊಳೆಸುತ್ತೇನೆ ಎಂದಿತು. ಜಿಡ್ಡು ಬಿಡಲಿಲ್ಲ. ಒಡೆದು ಬಂದ ಮರಿಗಳ ಚರ್ಮವೂ ಜಿಡ್ಡುಗಟ್ಟಿಯೇ ಇತ್ತು. ಹೊಟ್ಟೆಗಿಲ್ಲದೆ ಎಷ್ಟು ದಿನ ಇರುತ್ತೀರಿ ಎಂದು ಹುಲ್ಲು ಕೇಳಿತು. ಕಾಯುತ್ತೇವೆ ಎಂದವು ಮರಿಗಳು. ಬಾಯಾರಿದರೆ ಏನು ಮಾಡುತ್ತೀರಿ ಎಂದು ಗಾಳಿ ಕೇಳಿತು. ನಿನ್ನಲ್ಲಿರುವ ತೇವವನ್ನೇ ಕುಡಿದು ಕಾಯುತ್ತೇವೆ ಎಂದವು. ಕುಂತಲ್ಲಿ ಕದಲದೆ, ಇದ್ದ ಜೀವವನ್ನು ಚೂರುಚೂರೇ ಬಳಸಿಕೊಂಡು ಕಾದವು.

ವರ್ಷ ಕಳೆದು ಮಂದೆ ತಿರುಗಿ ಆ ಬಯಲಿಗೆ ಬಂದಿತು. ಕೆಂಚಿ ಈಗ ತುಂಬು ಗಬ್ಬ. ರೇವಪ್ಪ ದೊಡ್ಡಿಯನ್ನು ಬೇರೆ ಕಡೆ ಹಾಕೋಣ ಎಂದ. ಜಕ್ಕವ್ವ ಒಪ್ಪಲಿಲ್ಲ. ಮರಿ ಚೇತರಿಸಿಕೊಂಡ ಜಾಗ ಇದು, ಇಲ್ಲೇ ಈಯಲಿ ಎಂದು ಹಟ ಹಿಡಿದಳು.

ಹುಲ್ಲಿನ ತುದಿತುದಿಗೂ ಉಣುಗಿನ ಮರಿಗಳಿದ್ದವು. ಕುರಿಯ ಉಸಿರನ್ನು ಗಾಳಿ ತಂದುಕೊಟ್ಟಿತು. ಅವು ಮುಂಗಾಲು ಚಾಚಿ ನಿಂತವು.

ಮೊದಲಿಗೆ ಎಳ್ಳಿನ ಕಾಳಿಗಿಂತ ಸಣ್ಣವಿದ್ದದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಕಣ್ಣಿಗೆ ಬಿದ್ದಾಗ ಹೊತ್ತು ಮೀರಿತ್ತು. ಜಕ್ಕವ್ವ ಕಿತ್ತಳು, ಹೊಸಕಿದಳು, ರೇವಪ್ಪನೂ ಕೂತು ಕಿತ್ತ. ಕೀಳುತ್ತಿದ್ದಂತೆ ಹುಲ್ಲಿನಿಂದ ಹೊಸವು ಹತ್ತಿಕೊಂಡವು. ಮೂರನೆಯ ದಿನ ಕೆಂಚಿ ಮಲಗಿದ್ದು ಏಳಲಿಲ್ಲ. ಅದರ ಹೊಟ್ಟೆಯಲ್ಲಿದ್ದ ಮರಿಯೂ ಕದಲುವುದನ್ನು ನಿಲ್ಲಿಸಿತು.

ಜಕ್ಕವ್ವ ಹುಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಉಣುಗಿನ ಮರಿಯನ್ನು ಮಾತಾಡಿಸಿದಳು.

“ನಿಮ್ಮವ್ವಗ ಕೊಟ್ಟಾಕಿ ನಾನು. ನನ್ನ ಕೆಂಚಿನ್ನ ಬಿಡಬೇಕಂತ ನಿಮಗ ಅನಸಲಿಲ್ಲೇನು?”

“ನಮ್ಮವ್ವನ್ನ ನಾವು ನೋಡೇ ಇಲ್ಲ,” ಎಂದಿತು ಮರಿ. “ಯಾರು ಏನು ಕೊಟ್ರೋ ನಮಗ ಗೊತ್ತಿಲ್ಲ. ನಮಗ ಹಸುವಿ ಒಂದ ಗೊತ್ತು.”

ಜಕ್ಕವ್ವ ಎದ್ದಳು. ಕೊಟ್ಟದ್ದನ್ನು ತಿರುಗಿ ಕಿತ್ತುಕೊಳ್ಳುವ ಕಟ್ಟಳೆ ಅವರಲ್ಲಿರಲಿಲ್ಲ. ಕೆಂಚಿಯನ್ನು ಮಣ್ಣು ಮಾಡಿ, ಆ ಜಾಗ ಬಿಟ್ಟು ಹೊರಟಳು. ಅಂದಿನಿಂದ ಅವಳು ಉಣುಗಿನ ಜೊತೆ ಮಾತಾಡಲಿಲ್ಲ, ಉಣುಗೂ ಮನುಷ್ಯರ ಜೊತೆ ಮಾತಾಡಲಿಲ್ಲ.

ಅದಕ್ಕೇ ಮಗು, ಇವತ್ತಿಗೂ ನೀನು ಹುಲ್ಲಿನ ಹತ್ತಿರ ಬಗ್ಗಿ ನೋಡಿದರೆ, ಬಿಸಿಲಿಗೂ ಹಸಿವಿಗೂ ಸಾಯದ ಉಣುಗು ಎಸಳಿನ ತುದಿಯಲ್ಲಿ ಎರಡು ಮುಂಗಾಲು ಚಾಚಿಕೊಂಡು ನಿಂತಿರುತ್ತದೆ, ಯಾರಾದರೂ ಬರಲಿ ಎಂದು.