ಗುಡ್ಡದ ಗಾಡಿಯನ್ನು ನೋಡಿಕೊಂಡವಳು

"ಅಜ್ಜಾರೇ, ಒಂದು ಸಲ ಎದುರು ನಿಲ್ಲುವುದು ಬಂತು. ದಿನಾ ಎದುರು ನಿಲ್ಲುವುದು ಹೇಗೆ?"

ಕೇಳಿದವನು ಫಕೀರಪ್ಪ, ಮಠದ ಶಿಷ್ಯ. ಅವನ ಊರಿನ ದೊಡ್ಡವರು ಒಂದು ಹೊಲದ ತಕರಾರಿನಲ್ಲಿ ಸುಳ್ಳು ಸಾಕ್ಷಿ ಹೇಳೆಂದು ಅವನನ್ನು ಕರೆದಿದ್ದರು. ಚಾವಡಿಯಲ್ಲಿ ಎಲ್ಲರ ಮುಂದೆ ಅವನು ಆಗುವುದಿಲ್ಲ ಎಂದಿದ್ದ. ಆ ದಿನ ಮೈತುಂಬ ಹುರುಪಿತ್ತು. ಆದರೆ ಅವರು ಬಿಡಲಿಲ್ಲ. ಬೆಳಗಾದರೆ ಒಬ್ಬ ಬಂದು ಕೇಳುತ್ತಿದ್ದ, ಸಂಜೆಯಾದರೆ ಇನ್ನೊಬ್ಬ. ಬೈಯುವವರು ಕಡಿಮೆ, ಬುದ್ಧಿ ಹೇಳುವವರೇ ಹೆಚ್ಚು. ಹುರುಪು ಇಳಿದುಹೋಗಿತ್ತು.

"ಕೂಡು" ಎಂದರು ಮಠದ ಸ್ವಾಮಿಗಳಾದ ಅಜ್ಜನವರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಕಲ್ಲುಗುಡ್ಡದ ಮೇಲೆ ಒಬ್ಬ ಒಕ್ಕಲಗಿತ್ತಿ ಇದ್ದಳು. ಗಂಡ ತೀರಿಕೊಂಡಿದ್ದ. ನೆತ್ತಿಯಿಂದ ಕೆಳಗಿನ ಮಗ್ಗುಲಿನ ತನಕ ಅವಳ ಹೊಲ, ಹೊಲದ ಮೇಲಿನ ಅಂಚಿಗೆ ಮನೆ. ಮೊದಲು ಅಲ್ಲಿ ಇನ್ನೂ ಹಲವು ಮನೆಗಳಿದ್ದವು. ಗುಡ್ಡದ ಬುಡಕ್ಕೆ ಒಬ್ಬ ಕಲ್ಲಿನ ವ್ಯಾಪಾರಿ ಬಂದು ಕೂತ ಮೇಲೆ ಒಂದೊಂದೇ ಮನೆ ಬರಿದಾಯಿತು. ಗುಡ್ಡವನ್ನು ಒಡೆದು ಮಾರುವುದು ಅವನ ಎಣಿಕೆ. ಉಳಿದವರು ಬರೆದುಕೊಟ್ಟು ಇಳಿದುಹೋದರು. ಇವಳು ಕೊಡಲಿಲ್ಲ.

ವ್ಯಾಪಾರಿ ಜಗಳಕ್ಕೆ ಬರಲಿಲ್ಲ. ಅದರ ಅಗತ್ಯ ಅವನಿಗೆ ಕಾಣಲಿಲ್ಲ. ನೀರು, ಬೀಜ, ಹಿಟ್ಟು, ಎಲ್ಲವೂ ಕೆಳಗಿನಿಂದಲೇ ಮೇಲೇರಬೇಕು. ದಾರಿಯೆಂದರೆ ಬರೀ ಕಲ್ಲು, ಉಸುಕು, ಒಂದು ಮಗ್ಗುಲಿಗೆ ಕಂದಕ. ಅವಳ ಎತ್ತುಗಳಿಗೆ ವಯಸ್ಸಾಗಿ ಅವು ಏರು ಹತ್ತದಾಗಿದ್ದವು. ಅದನ್ನು ನೋಡಿಕೊಂಡು ಅವನು ಸುಮ್ಮನೆ ಕೂತ.

ಅವಳು ಕಿವಿಯ ಬಂಗಾರ ಮಾರಿದಳು. ಪೇಟೆಗೆ ಹೋಗಿ ಒಂದು ಗಾಡಿ ತಂದಳು. ದಪ್ಪನೆಯ ನಾಲ್ಕು ಗಾಲಿ, ಬೈಕಿಗಿರುವಂಥ ಹ್ಯಾಂಡಲ್ಲು, ಹಿಂದೆ ಸಾಮಾನು ಕಟ್ಟಲು ಕಬ್ಬಿಣದ ಜಾಲರಿ. ಕಲ್ಲು, ಕೆಸರು, ಉಸುಕು, ಎಂಥ ನೆಲವಾದರೂ ಹತ್ತುವ ಗಾಡಿ. ಪೇಟೆಯವರು ಅದನ್ನು ಎಟಿವಿ ಎನ್ನುತ್ತಾರೆ. ಊರವರು ಗುಡ್ಡದ ಗಾಡಿ ಎಂದರು.

ಅವಳು ಅದರ ಮೇಲೆ ಕೂತು ಗುಡ್ಡ ಏರಿದ ದಿನ ವ್ಯಾಪಾರಿ ತನ್ನ ಆಳುಗಳಿಗೆ ಹೇಳಿದ: "ಏರಲಿ ಬಿಡಿ. ಯಂತ್ರವನ್ನು ಯಾರೂ ಕೆಡಿಸಬೇಕಾಗಿಲ್ಲ. ನೋಡಿಕೊಳ್ಳದಿದ್ದರೆ ತಾನೇ ಕೆಡುತ್ತದೆ. ಎಷ್ಟು ದಿನ ನೋಡಿಕೊಳ್ಳುತ್ತಾಳೆ ಇವಳು?"

ಆ ಮಾತು ಅವಳ ಕಿವಿಗೂ ಬಿತ್ತು.

ಅವನ ಮಾತು ಬೇಗನೆ ನಿಜವಾಗುವಂತೆ ಕಂಡಿತು. ಎಲ್ಲಿ ಬೇಕಾದರೂ ಹೋಗುವ ಗಾಡಿಗೆ ಏನೂ ಮಾಡಬೇಕಾಗಿಲ್ಲ ಎಂದು ಅವಳು ತಿಳಿದಿದ್ದಳು. ಕುಂಕುಮ ಹಚ್ಚಿದ್ದಳು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಿದ್ದಳು, ಇನ್ನೇನು ಬೇಕು? ಹತ್ತುವಾಗ ಏಳುವ ಧೂಳು, ಇಳಿಯುವಾಗ ಮೆತ್ತುವ ಕೆಸರು, ಎಲ್ಲವನ್ನೂ ಹಾಗೆಯೇ ಬಿಟ್ಟಳು. ಒಂದು ದಿನ ಗಾಡಿ ನಡು ಏರಿನಲ್ಲಿ ಕೆಮ್ಮಿತು, ಮತ್ತೆ ಕೆಮ್ಮಿತು, ನಿಂತಿತು. ಕೆಳಗಿನಿಂದ ನಗೆ ಕೇಳಿಸಿತು. ಅವಳು ನೀರಿನ ಕೊಡಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ಮನೆ ಮುಟ್ಟಿಸಿದಳು.

ಮರುದಿನ ನಡೆದೇ ಪೇಟೆಗೆ ಹೋದಳು. ಗಾಡಿ ಮಾರಿದವನ ಅಂಗಡಿಯ ಮುಂದೆ ನಿಂತಳು.

"ಅಂದೇ ಎಲ್ಲ ಹೇಳಿದ್ದೆನಲ್ಲಮ್ಮ" ಎಂದ ಅವನು.

"ಅಂದು ನಾನು ಗಾಡಿಯ ಬಣ್ಣ ನೋಡುತ್ತಿದ್ದೆ. ಇವತ್ತು ಹೇಳು. ಒಂದೊಂದನ್ನೂ ಕೈಯಿಂದ ಮುಟ್ಟಿಸಿ ಹೇಳು" ಎಂದಳು.

ಅವನು ಹೇಳಿದ. ಅವಳು ಅಂಗಡಿಯ ಗಾಡಿಯನ್ನು ಮುಟ್ಟಿ ತಿಳಿದುಕೊಂಡಳು, ತಿರುಗಿ ಬಂದು ತನ್ನ ಗಾಡಿಯೊಳಗೆ ಕಟ್ಟಿದ್ದ ಧೂಳು ತೆಗೆದು ಅದನ್ನು ಮನೆಗೆ ಏರಿಸಿದಳು.

ಅಂದಿನಿಂದ ಅವಳ ಬೆಳಗು ಬೇರೆಯಾಯಿತು. ಎದ್ದು, ಮಿಂದು, ಜಗಲಿಯ ಮೇಲಿನ ದೇವರಿಗೆ ದೀಪ ಹಚ್ಚಿ, ಆಮೇಲೆ ಗಾಡಿಯ ಹತ್ತಿರ ಹೋಗುತ್ತಿದ್ದಳು. ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ನಿನ ಎಣ್ಣೆಯ ಕಡ್ಡಿ ತೆಗೆದು, ಒರೆಸಿ, ಅದ್ದಿ, ಗೆರೆ ನೋಡುತ್ತಿದ್ದಳು. ಬ್ರೇಕು ಅದುಮಿ ನೋಡುತ್ತಿದ್ದಳು. ಚೈನು ಜೋಲುಬಿದ್ದಿದೆಯೇ ಎಂದು ಬೆರಳಲ್ಲಿ ಎತ್ತಿ ನೋಡಿ, ಒಣಗಿದ್ದರೆ ಎಣ್ಣೆ ಬಿಡುತ್ತಿದ್ದಳು. ಗಾಲಿಯ ನಟ್ಟುಗಳನ್ನು ಪಾನಾ ಹಾಕಿ ನೋಡುತ್ತಿದ್ದಳು. ಕಲ್ಲುದಾರಿಯಲ್ಲಿ ಅವು ಸಡಿಲಾಗದೆ ಇರುವುದಿಲ್ಲ. ಗಾಳಿ ಸೋಸುವ ಸ್ಪಂಜನ್ನು ಧೂಳು ಕೂತಾಗಲೆಲ್ಲ ಹೊರತೆಗೆದು ಸಾಬೂನಿನ ನೀರಲ್ಲಿ ಹಿಂಡಿ, ನೆರಳಲ್ಲಿ ಒಣಗಿಸಿ, ತುಸು ಎಣ್ಣೆ ಸವರಿ ಮತ್ತೆ ಕೂರಿಸುತ್ತಿದ್ದಳು. ಸಂಜೆ ಬಂದ ಮೇಲೆ, ಎಷ್ಟೇ ದಣಿದಿದ್ದರೂ, ಕೆಸರು ಒಣಗುವ ಮೊದಲೇ ತೊಳೆಯುತ್ತಿದ್ದಳು.

ಗಾಡಿ ಮತ್ತೆ ಕೆಮ್ಮಲಿಲ್ಲ. ಜನ ಕೆಮ್ಮತೊಡಗಿದರು.

"ಏನವ್ವಾ, ದಿನಾ ಗಾಡಿಗೆ ರುದ್ರಾಭಿಷೇಕವೇ?" ಎಂದು ಒಬ್ಬ ಕೇಳಿದ.

"ನಾನು ಮರೆತರೆ ದೇವರು ಕ್ಷಮಿಸುತ್ತಾನೆ. ಇದು ಕ್ಷಮಿಸುವುದಿಲ್ಲ" ಎಂದಳು.

ಎಲ್ಲಕ್ಕಿಂತ ದೊಡ್ಡ ಕಾಟ ಗಾಲಿಯದು. ಆ ಗಾಡಿಯ ಗಾಲಿಯಲ್ಲಿ ಗಾಳಿ ಕಡಿಮೆ ಇರಬೇಕು. ಮೆತ್ತಗಿದ್ದರೆ ಅದು ಕಲ್ಲನ್ನು ಅಪ್ಪಿ ಹಿಡಿಯುತ್ತದೆ; ಗಟ್ಟಿಯಾದರೆ ಕಲ್ಲಿನ ಮೇಲೆ ಪುಟಿಯುತ್ತದೆ. ಆದರೆ ನೋಡಿದವರಿಗೆ ಪಂಕ್ಚರ್ ಆದಂತೆ ಕಾಣುತ್ತದೆ. ಕಂಡವರೆಲ್ಲ "ಗಾಳಿ ಹಾಕಿಸು" ಎಂದರು. ವ್ಯಾಪಾರಿಯ ಆಳುಗಳೂ ಅಂದರು, ಅವಳ ಸ್ವಂತ ಅಣ್ಣನೂ ಅಂದ. ಪಂಕ್ಚರ್ ಅಂಗಡಿಯವನಂತೂ ಮರುಕ ಹುಟ್ಟಿ, ಅವಳು ಸಂತೆಯೊಳಗೆ ಹೋಗಿದ್ದಾಗ ಕೇಳದೆಯೇ ನಾಲ್ಕೂ ಗಾಲಿಗೆ ಗಟ್ಟಿಯಾಗಿ ಗಾಳಿ ತುಂಬಿಬಿಟ್ಟ. ಅವಳು ಬಂದು ಗಾಲಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಅಷ್ಟು ಜನರ ನಡುವೆ ಕುಕ್ಕರಗಾಲಲ್ಲಿ ಕೂತು, ಒಂದಾದ ಮೇಲೊಂದು ಗಾಲಿಯ ಗಾಳಿ ಬಿಟ್ಟಳು. ಬುಸ್ಸೆಂದು ಸದ್ದು. ಸಂತೆಯೇ ತಿರುಗಿ ನೋಡಿತು.

"ಹುಚ್ಚಿ" ಎಂದರು.

"ಹೌದು" ಎಂದು ಗಾಡಿ ಹತ್ತಿದಳು.

ಮಳೆಗಾಲ ಬಂತು, ಹೋಯಿತು. ಗಾಡಿ ದಿನವೂ ಇಳಿಯಿತು, ದಿನವೂ ಏರಿತು. ವ್ಯಾಪಾರಿ ಕಾದು ಬೇಸತ್ತ. ಒಂದು ಬೆಳಗ್ಗೆ ಆಳುಗಳನ್ನು ಕರೆದು, ಗುಡ್ಡದ ಮಗ್ಗುಲಲ್ಲಿದ್ದ ಅವಳ ಗಡಿಕಲ್ಲುಗಳನ್ನು ಕೀಳಿ ಎಂದ.

ಒಬ್ಬ ಬಂಧು ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದ. "ಅಕ್ಕಾ! ಗಡಿಕಲ್ಲು ಕೀಳುತ್ತಿದ್ದಾರೆ! ಮೂಲೆಯದು ಆಗಲೇ ಹೋಯಿತು! ಏಳು!"

ಅವಳ ಮೈ ಉರಿಯಿತು. ದೀಪ ಹಚ್ಚಿದ ಕೈಯಲ್ಲೇ ಗಾಡಿಯ ಕೀಲಿ ಹಿಡಿದು ಓಡಿದಳು. ಗಾಡಿಯ ಮೇಲೆ ಕೂತಳು. ಕೀಲಿ ತಿರುವಬೇಕು, ಅಷ್ಟರಲ್ಲಿ ಕೈ ನಿಂತಿತು. ಇಂದು ಗಾಡಿ ನೋಡಿಲ್ಲ. ವ್ಯಾಪಾರಿಗೆ ಬೇಕಾಗಿದ್ದದ್ದು ಇಂಥದ್ದೊಂದು ಬೆಳಗೇ ಅಲ್ಲವೇ?

ಇಳಿದಳು. ಎಣ್ಣೆಯ ಕಡ್ಡಿ ತೆಗೆದಳು.

"ಅಲ್ಲಿ ಹೊಲ ಹೋಗುತ್ತಿದೆ, ಇಲ್ಲಿ ಎಣ್ಣೆ ನೋಡುತ್ತೀಯಾ!" ಬಂಧು ಹಣೆ ಬಡಿದುಕೊಂಡ.

"ಕಿತ್ತ ಕಲ್ಲನ್ನು ಮತ್ತೆ ನೆಡಬಹುದು, ತಮ್ಮಾ. ನೀನು ಉಸಿರು ತಗೋ."

ಎಣ್ಣೆ ಸರಿ ಇತ್ತು. ಬ್ರೇಕು ಅದುಮಿದಳು. ಅದು ತಡೆಯಿಲ್ಲದೆ ಹಿಡಿಕೆಯ ತನಕ ಬಂತು. ಮತ್ತೆ ಅದುಮಿದಳು. ಹಾಗೆಯೇ. ಬಗ್ಗಿ ನೋಡಿದರೆ, ನಿನ್ನೆಯ ಯಾವುದೋ ಕಲ್ಲು ಬ್ರೇಕಿನ ಪೈಪನ್ನು ಕೊಯ್ದಿತ್ತು. ಅದರ ಎಣ್ಣೆ ಸೋರಿ ಮಣ್ಣಿಗೆ ಇಳಿದಿತ್ತು.

ಅವಳು ಒಮ್ಮೆ ಇಳಿಜಾರಿನ ಕಡೆ ನೋಡಿದಳು. ಮೊದಲ ತಿರುವಿನ ಆಚೆ ದಾರಿ ಕಾಣುವುದಿಲ್ಲ, ಕಂದಕದ ಮೇಲಿನ ಆಕಾಶ ಮಾತ್ರ ಕಾಣುತ್ತದೆ. ಅವಳು ಸೆರಗು ಸಿಕ್ಕಿಸಿ, ಕೀಲಿಯನ್ನು ಸೊಂಟಕ್ಕೆ ಕಟ್ಟಿ, ನಡೆದು ಇಳಿದಳು.

ಕೆಳಗೆ ವ್ಯಾಪಾರಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕಾಲ್ನಡಿಗೆಯಲ್ಲಿ ಬರುವ ಅವಳನ್ನು ಕಂಡು ಅವನ ಮುಖ ಅರಳಿತು.

"ಕೆಟ್ಟಿತಲ್ಲ ಕೊನೆಗೂ, ನಿನ್ನ ಗಾಡಿ!"

"ಕೆಟ್ಟಿತು" ಎಂದಳು ಅವಳು. "ಮನೆಯ ಅಂಗಳದಲ್ಲಿ ಗೊತ್ತಾಯಿತು. ತಿರುವಿನಲ್ಲಿ ಗೊತ್ತಾಗಲಿ ಎಂದು ನೀವು ಕಾದಿರಿ."

ಆಳುಗಳು ಹಾರೆ ಎತ್ತಿದವರು ಹಾಗೆಯೇ ನಿಂತರು. ಅವಳು ಮೂಲೆಯ ಗಡಿಕಲ್ಲನ್ನು ಉರುಳಿಸಿಕೊಂಡು ಬಂದು ಕುಣಿಯಲ್ಲಿ ನಿಲ್ಲಿಸಿದಳು. ಸುತ್ತ ಮಣ್ಣು ದಬ್ಬಿ ಕಾಲಿಂದ ತುಳಿದಳು. ಆಮೇಲೆ ಇನ್ನೂ ಕೀಳದೆ ಉಳಿದಿದ್ದ ಕಲ್ಲಿನ ಮೇಲೆ ಹೋಗಿ ಕೂತಳು. ಅವಳನ್ನು ಎಬ್ಬಿಸಿ ಎಂದು ವ್ಯಾಪಾರಿ ಹೇಳಿದ. ಯಾರೂ ಮುಟ್ಟಲಿಲ್ಲ. ಎರಡನೆಯ ಸಲ ಹೇಳಿದ. ಒಬ್ಬ ಹಾರೆ ನೆಲಕ್ಕೆ ಹಾಕಿ, "ಧಣಿ, ನೀವೇ ಎಬ್ಬಿಸಿರಿ" ಎಂದ. ಬಿಸಿಲು ಏರುವ ಹೊತ್ತಿಗೆ ಕುರ್ಚಿಯೂ ಒಳಗೆ ಹೋಯಿತು.

ಅವಳು ಪೇಟೆಯಿಂದ ಹೊಸ ಪೈಪು ತಂದಳು. ಮೆಕ್ಯಾನಿಕ್ ಒಬ್ಬ ಗುಡ್ಡ ಹತ್ತಿ ಬಂದು ಹಾಕಿಕೊಟ್ಟ. ಹಾಕಿ ಮುಗಿಸಿ, ಇನ್ನು ಚಿಂತೆಯಿಲ್ಲ ಎಂದ. ಅವನು ಕೆಳಗಿಳಿದ ಮೇಲೆ ಅವಳು ಬ್ರೇಕು ಅದುಮಿ ನೋಡಿದಳು.

ಅಜ್ಜನವರು ಕತೆಯನ್ನು ಅಲ್ಲಿಗೆ ಬಿಟ್ಟರು. ಫಕೀರಪ್ಪ ಇನ್ನೂ ಇದೆ ಎಂದು ಕಾದ. ಇಲ್ಲವೆಂದು ತಿಳಿದಾಗ ತಡೆಯಲಾರದೆ ಕೇಳಿದ:

"ಅಜ್ಜಾರೇ, ಕೊನೆಗೆ ಗೆದ್ದವರು ಯಾರು? ಅವಳೋ, ಅವನೋ?"

"ನಾಳೆ ಬೆಳಗ್ಗೆ ಗೊತ್ತಾಗುತ್ತದೆ" ಎಂದರು ಅಜ್ಜನವರು.

ಬೆಳಗಾದರೆ ಬಂದು ಕೇಳುವವನನ್ನು ನೆನೆದು ಫಕೀರಪ್ಪ ಎದ್ದು ನಿಂತ.