ಸಾಹುಕಾರರು ಬಿಚ್ಚಿದ ಕುದುರೆ

ಅಜ್ಜ ಲದ್ದಿ ಬಾಚಿ ಬಾಚಿ ಕಟ್ಟಿದ ನಮ್ಮ ರೇಸ್‌ಕುದುರೆ ಲಾಯಕ್ಕೆ ಸಂಪಂಗಿ ಸಾಹುಕಾರರು ಬಂದರು.

"ನನ್ನ ಕುದುರೆ ಈಗಲೇ ನನ್ನ ಕಣ್ಣೆದುರು ಓಡಬೇಕು. ಇಲ್ಲದಿದ್ದರೆ ಬೇರೆ ಲಾಯಕ್ಕೆ ಒಯ್ಯುತ್ತೇನೆ!"

ಅದರ ಕಾಲು ಊದಿತ್ತು. ಓಡಿಸಿದರೆ ಜನ್ಮಪೂರ್ತಿ ಕುಂಟು. "ಕಾಲುನೋವಿದೆ ಸಾರ್," ಎಂದರು ಅಪ್ಪ. ಸಾಹುಕಾರರು ಕೇಳಲಿಲ್ಲ.

ಕುದುರೆ ತಿಕ್ಕುವ ದಸ್ತಗೀರ್ ಮಾಮ ಕೈಮುಗಿದ. "ಮಾಲೀಕರೇ ಬಿಚ್ಚಿ ತಂದರೆ ಶುಭ, ಸಾರ್."

ಲಾಯದಲ್ಲಿ ಅವರದೂ ಸೇರಿ ಕಂದು ಕುದುರೆಗಳು ನಾಲ್ಕಿದ್ದವು. ಸಾಹುಕಾರರು ತಮ್ಮದನ್ನು ನೋಡಿದ್ದು ರೇಸಿನ ದಿನ, ಬೈನಾಕ್ಯುಲರ್‌ನಲ್ಲಿ ಮಾತ್ರ. ಗತ್ತಿನಿಂದ ಹೋಗಿ ನಮ್ಮ ಸ್ವಂತ ಕುದುರೆಯನ್ನೇ ಬಿಚ್ಚಿ ತಂದರು. ಅದು ಗಾಳಿಯ ಹಾಗೆ ಓಡಿತು.

"ಕಾಲುನೋವಂತೆ! ನನ್ನ ಕುದುರೆ ನನಗೆ ಗೊತ್ತಿಲ್ವೇನಯ್ಯಾ?"

"ನಿಮಗಲ್ಲದೆ ಇನ್ಯಾರಿಗೆ ಗೊತ್ತು ಸಾರ್?" ಎಂದ ಮಾಮ. ಸಾಹುಕಾರರ ಕಾರು ಗೇಟು ದಾಟಿದ ಮೇಲೆ, ಅವರ ಕುದುರೆಯ ಕಾಲಿಗೆ ಐಸ್ ಕಟ್ಟಲು ಒಳಗೆ ಹೋದ.