ಒಂಟಿ ಸೀನು

"ಗುರುಗಳೇ, ಸೆರೆಮನೆಯ ಭಯ ಪೂರ್ತಿ ಹೋದ ಮೇಲಲ್ಲವೇ ಮನುಷ್ಯ ಅರಸನ ಎದುರು ನಿಲ್ಲಬೇಕಾದದ್ದು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದ:

ಒಬ್ಬ ಅರಸನಿಗೆ ಊರ ಕೆರೆಯ ನೀರನ್ನೆಲ್ಲ ತನ್ನ ಆನೆಗಳ ಕೊಳಕ್ಕೆ ತಿರುಗಿಸುವ ಮನಸ್ಸಾಯಿತು. ತೂಬನ್ನು ಕೈಯಾರೆ ತಾನೇ ಎತ್ತಬೇಕೆಂಬ ಆಸೆ ಬೇರೆ. ಬೇಡವೆಂದು ಬಾಯಿಬಿಟ್ಟವರನ್ನು ಸೆರೆಗೆ ತಳ್ಳಿದ. ಊರು ತೆಪ್ಪಗಾಯಿತು.

ಆ ಊರಲ್ಲೊಬ್ಬ ಕುಂಬಾರ, ಮಹಾ ಪುಕ್ಕಲ. ಪಹರೆಯವನ ಚಪ್ಪಲಿ ಸದ್ದಿಗೇ ಅವನ ಕೈಯ ಮಡಕೆ ಸೊಟ್ಟಗಾಗುತ್ತಿತ್ತು. ತೂಬೆತ್ತುವ ಮುಹೂರ್ತದ ದಿನ ಅರಸನ ಪಲ್ಲಕ್ಕಿ ಏಳುವಾಗ ಅವನೂ ಬೀದಿಯಲ್ಲಿ ಕೈಕಟ್ಟಿ ನಿಂತಿದ್ದ. ಮಡಕೆ ಸುಡುವ ಆವಿಗೆಯ ಬೂದಿ ಮೂಗಿಗೆ ಹೊಕ್ಕಿತ್ತು. ತಡೆದ, ತಡೆದ, ಕಡೆಗೆ ಸೀನಿಯೇಬಿಟ್ಟ. ಒಂದೇ ಸೀನು.

ಹೊರಟವನಿಗೆ ಒಂಟಿ ಸೀನು ಅಪಶಕುನ. ಅರಸ ಕೆಳಗಿಳಿದು, ಒಳಗೆ ಹೋಗಿ, ನೀರು ಕುಡಿದು ಕೂತ. ಅಷ್ಟರಲ್ಲಿ ಮುಹೂರ್ತ ಜಾರಿತು. ಕುಂಬಾರನನ್ನು ಸೆರೆಮನೆಗೆ ಎಳೆದೊಯ್ದರು.

ಊರಿಗೆ ದಾರಿ ಸಿಕ್ಕಿತು. ಮುಂದಿನ ಮುಹೂರ್ತಕ್ಕೆ ಗಾಣಿಗ ಸೀನಿದ. ಅದರ ಮುಂದಿನದಕ್ಕೆ ಹೂವಾಡಗಿತ್ತಿ. ಇಬ್ಬರೂ ಬಂದು ಕುಂಬಾರನ ಪಕ್ಕ ಕೂತರು. ಜೋಡಿ ಸೀನು ಶುಭವಲ್ಲವೇ? ಮಂತ್ರಿ ಪಹರೆಯವರಿಗೆ ನಸ್ಯ ಹಂಚಿ, ಯಾರೇ ಸೀನಿದರೂ ಇನ್ನೊಂದು ಸೇರಿಸಿ ಎಂದ. ನಸ್ಯ ನೆತ್ತಿಗೇರಿದ ಪಹರೆಯವರು ನಿಲ್ಲಿಸಲಾರದೆ ಸೀನುತ್ತ ಹೋದರು. ಜೋಡಿಯೋ ಒಂಟಿಯೋ ಜೋಯಿಸನಿಗೇ ತಿಳಿಯದೆ ಪಲ್ಲಕ್ಕಿ ಮತ್ತೆ ಕೆಳಗಿಳಿಯಿತು.

ಸೆರೆಮನೆ ತುಂಬುತ್ತ ಬಂತು. ಮಳೆಗಾಲಕ್ಕೆ ಮುಂಚೆ ಇನ್ನೊಂದೇ ಮುಹೂರ್ತ, ಅದೂ ಅಂದೇ ಸಂಜೆ. ತೂಬಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂತ್ರಿ ತಾನೇ ಸೆರೆಮನೆಗೆ ಬಂದ.

"ಲೋ ಕುಂಬಾರ, ನೀನು ಬೇಕೆಂದು ಸೀನುವ ಗಂಡಲ್ಲ, ಮುಖ ನೋಡಿದರೇ ಗೊತ್ತಾಗುತ್ತೆ. ಅಷ್ಟನ್ನು ಊರ ಮುಂದೆ ಹೇಳು, ಹಾಗೇ ಮನೆಗೆ ಹೋಗು. ಇಲ್ಲವೋ, ಇಲ್ಲೇ ಮುದುಕನಾಗು."

"ದಿಟ ಸ್ವಾಮಿ. ಅದು ಬೂದಿಯ ಕೆಲಸ," ಎಂದ ಕುಂಬಾರ.

"ಹೋಗಪ್ಪ, ಹೋಗು," ಎಂದಳು ಹೂವಾಡಗಿತ್ತಿ. "ನಿನ್ನನ್ನು ನೋಡಿ ಸೀನಿದೆನಲ್ಲ, ನನ್ನ ಮೂಗನ್ನು ಕೊಯ್ಯಬೇಕು."

ಮಂತ್ರಿ "ಬಾ" ಎಂದು ಬಾಗಿಲ ಕಡೆ ಹೊರಟ. ಕುಂಬಾರನ ಕೈ ಗಡಗಡ ನಡುಗುತ್ತಿತ್ತು. ಆ ಕೈಯಲ್ಲೇ ಚಾಪೆಯ ಕಡ್ಡಿಯೊಂದನ್ನು ಕಿತ್ತು ಮೂಗಿನೊಳಗೆ ಆಡಿಸಿ ಸೀನಿದ.

ಮಂತ್ರಿ ಹೊಸ್ತಿಲಲ್ಲೇ ನಿಂತ. ಅತ್ತಿತ್ತ ನೋಡಿದ. ಹಿಂದಕ್ಕೆ ಬಂದು, ಕೈದಿಗಳ ನಡುವೆ ಜಾಗ ಮಾಡಿಕೊಂಡು ಕೂತು, ನೀರು ಕೇಳಿದ.

"ಇದು ಮಾತ್ರ ಬೂದಿಯದಲ್ಲ ಸ್ವಾಮಿ," ಎಂದು ಕುಂಬಾರ ಮಡಕೆಯನ್ನು ಅವನತ್ತ ಸರಿಸಿದ.

ಮಂತ್ರಿ ಮತ್ತೆ ಎದ್ದಾಗ ಗಾಣಿಗ ಸೀನಿದ. ಮತ್ತೂ ಎದ್ದಾಗ ಹೂವಾಡಗಿತ್ತಿ. ಅತ್ತ ಅರಸ ಬೀಗದ ಕೈಗೆ ಕಾದು ಕಾದು ಪಲ್ಲಕ್ಕಿಯಲ್ಲೇ ತೂಕಡಿಸಿದ, ಇತ್ತ ಹೊತ್ತು ಮುಳುಗಿತು. ಆ ವರ್ಷ ಕೆರೆ ಊರಿಗೇ ಉಳಿಯಿತು. ಕುಂಬಾರ ಸೆರೆಯಲ್ಲೇ ಉಳಿದ.

"ಅಂದರೆ ಕಡ್ಡಿ ಕಿತ್ತ ಗಳಿಗೆಯಲ್ಲಿ ಅವನ ಭಯ ಹೋಯಿತು, ಅಲ್ಲವೇ ಗುರುಗಳೇ?" ಎಂದ ಶಿಷ್ಯ.

"ಅವನದು ಹೋಗಲೇ ಇಲ್ಲವಪ್ಪ, ನಿನ್ನದು ಹೋಗಲಿ ಅಂತ ನೀನು ಕಾಯುತ್ತ ಕೂತಿದ್ದೀಯ," ಎಂದ ಗುರು.